ಹಡಗಿನ ದಾರಿ ಮತ್ತು ಹೂಳು

ಕೇಳುಗರಿಗೆ ನಮಸ್ಕಾರ.

ಹಡಗು ಓಡಾಡುವ ನದಿಯಲ್ಲಿ ಹೂಳು ಎಲ್ಲೆಡೆ ಸಮನಾಗಿ ಕೂರುವುದಿಲ್ಲ. ತಿರುವಿನ ಹೊರದಡದಲ್ಲಿ ಸೆಳೆತ ಜೋರು, ತಳ ತಾನಾಗಿಯೇ ಕೊರೆದು ಆಳವಾಗುತ್ತದೆ. ಒಳದಡದಲ್ಲಿ ಮರಳು ದಿಬ್ಬ ಬೆಳೆಯುತ್ತದೆ. ಹಡಗಿಗೆ ಹೆಚ್ಚು ಕಾಟ ಕೊಡುವುದು ಒಂದು ತಿರುವಿನಿಂದ ಇನ್ನೊಂದಕ್ಕೆ ನೀರು ದಾಟುವ ಅಗಲವಾದ ಜಾಗ. ಹರಿವು ಅಲ್ಲಿ ಹರಡಿ ನಿಧಾನವಾಗಿ, ಹೊತ್ತು ತಂದ ಮರಳನ್ನು ಇಳಿಸಿಬಿಡುತ್ತದೆ. ಅಳಿವೆಯದು ಬೇರೆಯೇ ಲೆಕ್ಕ: ಉಪ್ಪುನೀರು ಸೇರುತ್ತಲೇ ಜೇಡಿಯ ಸಣ್ಣ ಕಣಗಳು ಒಂದಕ್ಕೊಂದು ಅಂಟಿ, ಗರಣೆಗಟ್ಟಿ ತಳಕ್ಕಿಳಿಯುತ್ತವೆ.

ಹೂಳೆತ್ತಲು ಹೊರಟಾಗ ಮೊದಲ ಕೆಲಸ ಆಳ ಅಳೆಯುವುದು. ಮೆತ್ತನೆ ಕೆಸರಿರುವಲ್ಲಿ ಇದೇ ಕಷ್ಟ. ಧ್ವನಿ ಕಳಿಸಿ ಆಳ ಅಳೆಯುವ ಎಕೋ ಸೌಂಡರ್‌ನ 200 ಕಿಲೋಹರ್ಟ್ಸ್ ಧ್ವನಿ ಕೆಸರಿನ ಮೇಲ್ಪದರಕ್ಕೇ ತಾಗಿ ಹಿಂತಿರುಗುತ್ತದೆ. 33 ಕಿಲೋಹರ್ಟ್ಸ್ ಧ್ವನಿ ಒಳಹೊಕ್ಕು ಗಟ್ಟಿ ತಳದಿಂದ ಮರಳುತ್ತದೆ. ಎರಡರ ನಡುವೆ ಒಂದು ಮೀಟರಿಗೂ ಮೀರಿ ಅಂತರ ಬರಬಹುದು. ಕೆಸರು ತೆಳ್ಳಗಿದ್ದರೆ ಹಡಗು ಅದರೊಳಗೇ ಸಾಗಬಲ್ಲದು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರಿನಲ್ಲಿ ಘನ ಮೀಟರಿಗೆ 1200 ಕಿಲೋಗ್ರಾಂ ಸಾಂದ್ರತೆಯ ಮಟ್ಟವನ್ನೇ ತಳವೆಂದು ಎಣಿಸುವ ಪದ್ಧತಿ ಬಂದದ್ದು ಇದೇ ಕಾರಣಕ್ಕೆ. ಸಾಂದ್ರತೆ ಅಳೆಯದೆ ಹೊರಟರೆ ಎತ್ತಬೇಕಿಲ್ಲದ ಕೆಸರಿಗೂ ಹಣ ಸುರಿಯಬೇಕಾಗುತ್ತದೆ.

ಡ್ರೆಜರ್, ಅಂದರೆ ಹೂಳೆತ್ತುವ ಯಂತ್ರ, ಯಾವುದೆಂದು ಮಣ್ಣೇ ನಿರ್ಧರಿಸುತ್ತದೆ. ಸಂಚಾರ ನಿಲ್ಲಿಸದೆ ಮರಳು ತೆಗೆಯಲು ತನ್ನದೇ ತೊಟ್ಟಿಯಿರುವ ಹಡಗು, ಹಾಪರ್ ಡ್ರೆಜರ್ ಸರಿ. ಕೊಳವೆಯನ್ನು ತಳಕ್ಕಿಳಿಸಿ, ಎರಡು ಮೂರು ನಾಟ್ ವೇಗದಲ್ಲಿ ಸಾಗುತ್ತ, ಮರಳು ಬೆರೆತ ನೀರನ್ನು ಹೀರಿ ತೊಟ್ಟಿಗೆ ತುಂಬಿಕೊಳ್ಳುತ್ತದೆ. ಮರಳು ತೊಟ್ಟಿಯಲ್ಲಿ ಕೂರುತ್ತದೆ, ಮೇಲಿನ ನೀರು ತುಳುಕಿ ಹೊರಹೋಗುತ್ತದೆ. ನುಣ್ಣನೆ ಜೇಡಿ ಹಾಗೆ ಬೇಗ ಕೂರುವುದಿಲ್ಲ. ತುಳುಕುವ ನೀರಿನ ಜೊತೆ ನದಿಗೇ ವಾಪಸಾಗಿ ಕದಡೆಬ್ಬಿಸುತ್ತದೆ. ಗಟ್ಟಿ ತಳಕ್ಕೆ ತಿರುಗುವ ಹಲ್ಲುಗಳ ಕಟರ್ ಡ್ರೆಜರ್ ಬೇಕು. ಅಂಟುಜೇಡಿ ಸಿಕ್ಕರೆ ಹಲ್ಲುಗಳ ಸಂದು ಮುಚ್ಚಿಹೋಗಿ ಕಟರ್ ಸುಮ್ಮನೆ ಸುತ್ತುತ್ತದೆ. ಹೊಸ ಮೆದು ಹೂಳಿಗಾದರೆ ಕಡಿಮೆ ಒತ್ತಡದಲ್ಲಿ ಹೇರಳ ನೀರು ಹಾಯಿಸಿದರೂ ಸಾಕು, ಅದು ತೆಳುವಾಗಿ ಆಳದ ಕಡೆ ಹರಿದುಹೋಗುತ್ತದೆ. ದಪ್ಪ ಮರಳಿಗೆ ಇದು ನಡೆಯದು.

ತೋಡಿದ ದಾರಿಯ ಅಂಚಿನ ಇಳಿಜಾರನ್ನು ಕಡಿದಾಗಿ ಬಿಟ್ಟರೆ ದಡದ ಮಣ್ಣು ಜಾರಿ ಮತ್ತೆ ದಾರಿಗೇ ಬೀಳುತ್ತದೆ. ತೆಗೆದ ಹೂಳನ್ನು ಹತ್ತಿರದಲ್ಲೇ ಸುರಿದರೆ ಉಬ್ಬರ ಅದನ್ನು ಹಿಂದಕ್ಕೆ ತರುತ್ತದೆ. ಹಣ ಕೊಡುವ ಲೆಕ್ಕ ತೊಟ್ಟಿಯ ಅಳತೆಯ ಮೇಲಿರಬಾರದು, ಅಲ್ಲಿರುವುದು ನೀರು ಕುಡಿದು ಉಬ್ಬಿದ ಹೂಳು. ಕೆಲಸದ ಮುಂಚಿನ ಮತ್ತು ನಂತರದ ತಳದ ಸರ್ವೆಗಳ ವ್ಯತ್ಯಾಸವೇ ನಂಬಿಕೆಯ ಅಳತೆ.

ಇಷ್ಟಾದರೂ ತೋಡಿದಷ್ಟೂ ನೀರಿಗೆ ಜಾಗ ಹಿಗ್ಗಿ ಸೆಳೆತ ಕುಗ್ಗುತ್ತದೆ, ಹೂಳು ಮತ್ತೆ ಬೇಗ ತುಂಬುತ್ತದೆ. ಅದಕ್ಕೇ ನದಿಯ ಬಲವನ್ನೂ ದುಡಿಸಿಕೊಳ್ಳಬೇಕು. ಅಮೆರಿಕದ ಮಿಸಿಸಿಪಿ ನದಿ ಕಡಲು ಸೇರುವ ಕವಲುಗಳಲ್ಲೊಂದಾದ ಸೌತ್ ಪಾಸ್ ಮುಖದಲ್ಲಿ ಎಂಜಿನಿಯರ್ ಜೇಮ್ಸ್ ಈಡ್ಸ್ 1875ರಲ್ಲಿ ಎರಡು ಸಮಾನಾಂತರ ಒಡ್ಡು ಕಟ್ಟಲು ಹೊರಟರು. ಇಕ್ಕಟ್ಟಾದ ಹರಿವು ತಳವನ್ನು ಕೊರೆದು, 1879ರ ಹೊತ್ತಿಗೆ 30 ಅಡಿ ಆಳದ ದಾರಿ ಸಿಕ್ಕಿತು. ಆದರೆ ಹೀಗೆ ತಳ್ಳಿದ ಮರಳು ಒಡ್ಡಿನ ತುದಿಯಾಚೆ ಹೊಸ ದಿಬ್ಬ ಕಟ್ಟಬಹುದು. ಒಡ್ಡಿನ ಖರ್ಚಿನ ಅಂದಾಜಿನಲ್ಲಿ ಆ ತುದಿಯ ಸರ್ವೆಗೂ ಹಣ ತೆಗೆದಿಡಲೇಬೇಕು.