149ನೇ ಪುಟ ಯಾರ ಹತ್ತಿರ ಇದೆ?

ಈ ವಿಡಿಯೊದಲ್ಲಿ ಕಾಣುತ್ತಿರುವುದು ಬೆಂಗಳೂರಿನ ಅವೆನ್ಯೂ ರಸ್ತೆ, ನಿನ್ನೆ ಸಂಜೆ ತೆಗೆದಿದ್ದು. ಇಲ್ಲಿ ಜಾಸ್ತಿ ಸಿಗುವುದು ಪಠ್ಯಪುಸ್ತಕ, ಗೈಡು. ನಾನು ಹೋಗಿದ್ದು ಹಳೇ ದೀಪಾವಳಿ ವಿಶೇಷಾಂಕಗಳಿಗೆ. ಉದ್ದದ ವರದಿ, ಸ್ವಂತ ಬದುಕಿನ ಪ್ರಬಂಧ, ಇವೆರಡಕ್ಕೂ ಧಾರಾಳವಾಗಿ ಜಾಗ ಕೊಡೋದು ವಿಶೇಷಾಂಕಗಳೇ ಅಲ್ವಾ?

ಈ ಸಂಚಿಕೆಗೆ ಅಂಗಡಿಯವರು 150 ರೂಪಾಯಿ ಹೇಳಿದರು, ಚೌಕಾಸಿ ಮಾಡಿ 120ಕ್ಕೆ ತಂದೆ. ದುಡ್ಡಿನ ಬೇಜಾರಿಲ್ಲ. ಇಲ್ಲಿ ನೋಡಿ, ಅಮ್ಮ ತೀರಿಕೊಂಡ ಮೇಲೆ ಊರಿನ ಮನೆ ಖಾಲಿ ಮಾಡಲು ಹೋದವರ ಪ್ರಬಂಧ. ಅಡುಗೆಮನೆ ಗೋಡೆ ಮೇಲೆ ಇದ್ದಿಲಲ್ಲಿ ಬರೆದ ಹಾಲಿನ ಲೆಕ್ಕ ಹಾಗೇ ಇದೆ. ಮೊದಲು ದಿನಕ್ಕೆ ಎರಡು ಸೇರು, ಮಕ್ಕಳು ಒಬ್ಬೊಬ್ಬರೇ ಊರು ಬಿಟ್ಟ ಹಾಗೆ ಒಂದು ಸೇರು, ಅರ್ಧ ಸೇರು, ಕೊನೆಗೆ ಪಾವು. ಅದನ್ನು ಒರೆಸಲು ಒದ್ದೆ ಬಟ್ಟೆ ಹಿಡಿದು ನಿಂತಿದ್ದಾರೆ, 148ನೇ ಪುಟ ಮುಗಿಯುತ್ತೆ, ನೋಡಿದರೆ ಪಕ್ಕದ ಹಾಳೆಯೇ ಇಲ್ಲ! ಬ್ಲೇಡಿನಲ್ಲಿ ಕೊಯ್ದಿದ್ದಾರೆ, ಬೆರಳಗಲ ಅಂಚು ಮಾತ್ರ ಉಳಿದಿದೆ. ಆ ಹಾಳೆಯ ಹಿಂಬದಿಯಲ್ಲಿ ಯಾವುದೋ ಅಡುಗೆಯ ರೆಸಿಪಿ ಇತ್ತೋ ಏನೋ. ಬೆಳಿಗ್ಗೆ ಮತ್ತೆ ಹೋಗಿ ಅಂಗಡಿಯವರನ್ನು ಕೇಳಿದೆ. ‘ನೋಡ್ಕೊಂಡು ತಗೋಬೇಕಿತ್ತಮ್ಮ’ ಅಂದರು. ರಾತ್ರಿಯೆಲ್ಲ ಆ ಗೋಡೆಯೇ ಕಣ್ಮುಂದೆ. ಒರೆಸಿದರಾ, ಬಿಟ್ಟರಾ?

ಒಳ್ಳೆಯ ಬರಹ ಇಂಥ ಸಣ್ಣ ಸಂಗತಿಯಿಂದಲೇ ಹಿಡಿದು ಕೂರಿಸುತ್ತೆ. 1946ರ ಆಗಸ್ಟ್ 31ರ ಇಡೀ ಸಂಚಿಕೆಯನ್ನು ಅಮೆರಿಕದ ದಿ ನ್ಯೂಯಾರ್ಕರ್ ಪತ್ರಿಕೆ ಪತ್ರಕರ್ತ ಜಾನ್ ಹರ್ಸಿಯ ಹಿರೋಷಿಮಾ ವರದಿಗೇ ಬಿಟ್ಟುಕೊಟ್ಟಿತ್ತು. ಅದು ಶುರುವಾಗುವುದು ಸತ್ತವರ ಲೆಕ್ಕದಿಂದಲ್ಲ, ಆಫೀಸಿನ ಹುಡುಗಿಯೊಬ್ಬಳು ಪಕ್ಕದ ಮೇಜಿನವಳ ಜೊತೆ ಮಾತಾಡಲು ತಲೆ ತಿರುಗಿಸುವಲ್ಲಿಂದ. ಅದೇ ಕ್ಷಣಕ್ಕೆ ಅಣುಬಾಂಬು ಸಿಡಿಯುತ್ತೆ.

ಉದ್ದದ ಬರಹ ಫೋನಿನಲ್ಲಿ ಓದೋಕಾಗಲ್ಲ ಅಂತ ಹೋದ ಸಲ ಹೇಳಿದ್ದೆ. ಆ ಮಾತು ವಾಪಸ್. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ ಪರಿ, ಅಂದರೆ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ ಅನ್ನೋ ಜಾಲತಾಣ, ಕನ್ನಡದಲ್ಲೂ ಇದೆ, ದುಡ್ಡು ಕೊಡಬೇಕಿಲ್ಲ. ನೇಕಾರರು, ಕುರಿಗಾಹಿಗಳು, ಕೂಲಿಯವರು, ಒಬ್ಬೊಬ್ಬರ ಜೊತೆಗೂ ಕೂತು ಕೇಳಿ ಬರೆದಿರುತ್ತಾರೆ. ಸುಮ್ನೆ ಒಂದು ತೆಗೆದು ನೋಡಿ, ಫೋಟೊ ಕೆಳಗಿನ ಸಾಲನ್ನೂ ಬಿಡಬೇಡಿ.

ಅಯ್ಯೋ, ಬ್ಯಾಟರಿ ಕೆಂಪಾಯಿತು. ಮುಖಪುಟ ಒಂದು ಸಲ ಸರಿಯಾಗಿ ತೋರಿಸಿಬಿಡುತ್ತೇನೆ. ನಿಮ್ಮ ಮನೆ ಅಟ್ಟದಲ್ಲಿ ಇದೇ ಸಂಚಿಕೆ ಇದ್ದರೆ 149ನೇ ಪುಟದ್ದು ಒಂದು ಫೋಟೊ ಕಳಿಸಿ, ಪ್ಲೀಸ್.