ಗುದ್ದಲಿ ಪೂಜೆಗೂ ಮುಂಚೆ

ಕೇಳುಗರಿಗೆ ನಮಸ್ಕಾರ. ಸಣ್ಣ ಕಾರ್ಖಾನೆ ಕಟ್ಟುವ ಮುಂಚೆ ಏನೇನು ನೋಡಿಕೊಳ್ಳಬೇಕು ಅಂತ ಇವತ್ತು ಹೇಳುತ್ತೇನೆ.

"ಸರ್, ಅಮಾಸಿ ಆದ ಮ್ಯಾಲೆ ಛಲೋ ಮುಹೂರ್ತ ಐತಂತ್ರಿ. ಗುದ್ದಲಿ ಪೂಜಿ ಮಾಡಿಬಿಡ್ತೀವಿ. ಅಷ್ಟರಾಗ ಒಂದು ಶೆಡ್ಡಿನ ಡ್ರಾಯಿಂಗ್ ಹಾಕಿ ಕೊಡ್ರಿ."

ಹೀಗೆ ಹೇಳಿಕೊಂಡು ನನ್ನ ಹತ್ತಿರ ಬರುವವರು ಬಹಳ ಜನ. ಹುಬ್ಬಳ್ಳಿ, ಧಾರವಾಡದ ಸುತ್ತಮುತ್ತ ಕಾರ್ಖಾನೆ ಕಟ್ಟಡಗಳ ಕೆಲಸ ಮಾಡುವ ಸಿವಿಲ್ ಎಂಜಿನಿಯರ್ ನಾನು. ಈ ಮಾತು ಹೇಳಿದವನು ಹೋದ ಬೇಸಿಗೆಯಲ್ಲಿ ಬಂದಿದ್ದ ಒಬ್ಬ ಹುಡುಗ. ಹತ್ತು ವರ್ಷ ಬೇರೆಯವರ ವರ್ಕ್‌ಶಾಪಿನಲ್ಲಿ ಲೇತ್, ಅಂದರೆ ಕಬ್ಬಿಣ ತಿರುಗಿಸಿ ಕಡೆಯುವ ಯಂತ್ರದ ಮುಂದೆ ನಿಂತು ಕೆಲಸ ಕಲಿತವನು. ಟ್ರ್ಯಾಕ್ಟರ್ ಬಿಡಿಭಾಗ ಮಾಡುವ ಸ್ವಂತ ಘಟಕ ಹಾಕಬೇಕು ಅಂತ ಆಸೆ. ಊರ ಪಕ್ಕ ಅವರ ಮನೆತನದ ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಒಂದು ಎಕರೆ ಇದಕ್ಕೆಂದೇ ತೆಗೆದಿಟ್ಟಿದ್ದರು. ಬ್ಯಾಂಕಿನಲ್ಲಿ ಸಾಲದ ಮಾತುಕತೆ ನಡೆದಿತ್ತು.

"ಯಾವ ಯಾವ ಮಷಿನ್ ಹಾಕಾಂವಪಾ?" ಅಂತ ಕೇಳಿದೆ.

"ಅದನ್ನ ಆಮ್ಯಾಲೆ ನೋಡೋಣ್ರಿ. ಮೊದಲ ಶೆಡ್ ಏಳಲಿ" ಅಂದ.

ನಮ್ಮ ಸಣ್ಣ ಉದ್ಯಮಿಗಳು ಎಡವುವುದು ಇಲ್ಲೇ. ಮನೆ ಕಟ್ಟಿಸಿ ಆಮೇಲೆ ಮಂಚ ಎಲ್ಲಿ ಹಾಕೋಣ ಅಂತ ನೋಡಬಹುದು. ಕಾರ್ಖಾನೆಗೆ ಆ ಲೆಕ್ಕ ನಡೆಯುವುದಿಲ್ಲ. ಮೊದಲು ಯಂತ್ರ. ಆಮೇಲೆ ಅದರ ಸುತ್ತ ಕೆಲಸಗಾರ ಓಡಾಡುವ ಜಾಗ, ಕಬ್ಬಿಣ ಒಳಗೆ ಬರುವ ದಾರಿ, ತಯಾರಾದ ಮಾಲು ಹೊರಗೆ ಹೋಗುವ ದಾರಿ. ಇಷ್ಟೆಲ್ಲ ಗೊತ್ತಾದ ಮೇಲೆ ಅದಕ್ಕೆ ಸರಿಯಾಗಿ ಗೋಡೆ, ಮೇಲಿನ ಮಾಡು.

ಒಂದು ಉದಾಹರಣೆ ಕೊಡುತ್ತೇನೆ. ಶೆಡ್ಡಿನ ಎತ್ತರ ಎಷ್ಟಿರಬೇಕು? ಎಲ್ಲರೂ ಸುಮ್ನೆ "ಇಪ್ಪತ್ತು ಅಡಿ ಇರಲಿ" ಅನ್ನುತ್ತಾರೆ. ಒಳಗೆ ಐದು ಟನ್ನಿನ ಕ್ರೇನ್ ಓಡಬೇಕು ಅಂತಿಟ್ಟುಕೊಳ್ಳಿ. ನೆಲದ ಮೇಲೆ ಇರುವ ಅತಿ ಎತ್ತರದ ಯಂತ್ರ, ಅದರ ಮೇಲಿಂದ ದಾಟಿಸಬೇಕಾದ ಮಾಲು, ಮಾಲಿಗೆ ಕಟ್ಟಿದ ಸರಪಳಿಯ ಉದ್ದ, ಆಮೇಲೆ ಕೊಕ್ಕೆ, ಅದರ ಮೇಲೆ ಕ್ರೇನು, ಕ್ರೇನಿಗೂ ಮಾಡಿಗೂ ನಡುವೆ ಬಿಡುವು. ಇವನ್ನೆಲ್ಲ ಒಂದರ ಮೇಲೊಂದು ಕೂಡಿಸಿದರೆ ಕಂಬದ ಎತ್ತರ ಬರುತ್ತದೆ. ಎರಡು ಅಡಿ ಕಡಿಮೆ ಬಿತ್ತು ಅಂದರೆ ಕಂಬ ನಿಲ್ಲಿಸಿದ ಮೇಲೆ ಏನೂ ಮಾಡಲಾಗುವುದಿಲ್ಲ. ಕ್ರೇನಿನ ಭಾರ ಹೊರುವ ಕಂಬವೇ ಬೇರೆ, ಅದರ ಪಾಯವೇ ಬೇರೆ. "ಮುಂದೆ ರೊಕ್ಕ ಬಂದಾಗ ಕ್ರೇನ್ ಹಾಕ್ತೀವಿ" ಅನ್ನುವುದಾದರೂ ಆ ಮಾತನ್ನು ಇವತ್ತೇ ಎಂಜಿನಿಯರ್ ಕಿವಿಗೆ ಹಾಕಿ. ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ ಇದ್ದರೂ ಹಾಗೇ. ಅದರ ಹೊಡೆತ ಪಕ್ಕದ ಯಂತ್ರಕ್ಕೆ ಹೋಗಬಾರದು, ಅದಕ್ಕೆ ಪ್ರತ್ಯೇಕ ಪಾಯ ಬೇಕು, ಸುತ್ತ ಸಂದು ಬಿಡಬೇಕು. ನೆಲ ಹಾಕಿದ ಮೇಲೆ ಇದು ನೆನಪಾದರೆ ಬ್ರೇಕರ್ ತಂದು ಹೊಸ ಕಾಂಕ್ರೀಟನ್ನೇ ಒಡೆಯಬೇಕಾಗುತ್ತದೆ.

ಇನ್ನು ಮಣ್ಣು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಇದೇ ದೊಡ್ಡ ವಿಷಯ.

ಎರೆ ಮಣ್ಣಿನ ಗುಣ ರೈತರಿಗೆ ಹೇಳಬೇಕಾಗಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೊಲಕ್ಕೆ ಹೋದರೆ ನೆಲ ಬಾಯಿ ಬಿಟ್ಟಿರುತ್ತದೆ, ಬಿರುಕಿನಲ್ಲಿ ಅಂಗೈ ಇಳಿಸಬಹುದು. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಜೋಳಕ್ಕೆ, ಕಡಲೆಗೆ, ಹತ್ತಿಗೆ ಬಂಗಾರದಂಥ ಭೂಮಿ. ಆದರೆ ಅದರ ಮೇಲೆ ಕಟ್ಟಡ ಕೂತರೆ, ಈ ಉಬ್ಬು ತಗ್ಗಿನ ಜೊತೆ ಅದೂ ಏಳುತ್ತದೆ, ಇಳಿಯುತ್ತದೆ. ಮಳೆ ಬಿಸಿಲಿನ ಈ ಆಟ ಸುಮಾರು ಮೂರೂವರೆ ಮೀಟರ್ ಆಳದವರೆಗೂ ಮುಟ್ಟಬಹುದು.

ಎಷ್ಟು ಉಬ್ಬುತ್ತದೆ ಅಂತ ತಿಳಿಯಲು ಪ್ರಯೋಗಾಲಯದಲ್ಲಿ ಒಂದು ಸರಳ ಪರೀಕ್ಷೆ ಇದೆ. ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿಯುತ್ತಾರೆ. ಹತ್ತು ಹತ್ತು ಗ್ರಾಮಿನ ಎರಡು ಪಾಲು. ಎರಡು ಗಾಜಿನ ಅಳತೆ ಜಾಡಿ. ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ನೀರು. ಒಂದೊಂದು ಪಾಲು ಹಾಕಿ, ಕಲಕಿ, ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಇದ್ದಷ್ಟೇ ತಳಕ್ಕೆ ಕೂರುತ್ತದೆ. ನೀರಿನ ಜಾಡಿಯಲ್ಲಿ ಮಣ್ಣು ಮೇಲೆ ಮೇಲೆ ಬಂದಿರುತ್ತದೆ. ನಮ್ಮ ಹುಡುಗನ ಹೊಲದ ಮಣ್ಣು ಸೀಮೆಎಣ್ಣೆಯಲ್ಲಿ 10ರ ಗೆರೆಗೆ ನಿಂತಿತ್ತು, ನೀರಿನಲ್ಲಿ 18ರ ಗೆರೆ ಮುಟ್ಟಿತ್ತು. ಅಂದರೆ ಶೇಕಡಾ 80ರಷ್ಟು ಉಬ್ಬು. ಅವನು ಎರಡೂ ಜಾಡಿಯನ್ನು ಪಕ್ಕ ಪಕ್ಕ ಇಟ್ಟು ಬಹಳ ಹೊತ್ತು ನೋಡಿದ. ಅಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಅವನಿಗೆ ಬರೀ ಮಾತಾಗಿತ್ತು.

ಇದಕ್ಕೆ ಪರಿಹಾರ ಇದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ಒಂದು ಬಗೆಯ ಪೈಲ್ ಬೆಳೆಸಿದ್ದಾರೆ. ಆಳಕ್ಕೆ ಕೊರೆದು, ತಳದಲ್ಲಿ ಗಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟ್ ತುಂಬುವುದು. ಮೇಲಿನ ಮಣ್ಣು ಎಷ್ಟೇ ಉಬ್ಬಲಿ, ಆ ಗಡ್ಡೆ ಕಂಬವನ್ನು ಹಿಡಿದಿಡುತ್ತದೆ. ನೆಲಹಾಸಿನ ಕೆಳಗೆ ಎರೆ ತೆಗೆದು, ಉಬ್ಬದ ಗರಸು ಮಣ್ಣು ತುಂಬಿ, ಪದರ ಪದರವಾಗಿ ರೋಲರ್ ಹೊಡೆಸಬೇಕು. ಖರ್ಚು ಬರುತ್ತದೆ, ಹೌದು. ಅದು ಮೊದಲೇ ಗೊತ್ತಿದ್ದರೆ ಸಾಲದ ಅರ್ಜಿಯಲ್ಲೇ ಸೇರಿಸಬಹುದು, ಅಲ್ವಾ?

ಬಹಳ ವರ್ಷಗಳ ಹಿಂದೆ ಒಬ್ಬ ಮಾಲೀಕರು ಮಣ್ಣು ಪರೀಕ್ಷೆಯ ದುಡ್ಡು ಉಳಿಸೋಣ ಅಂದರು. ನಾನೂ ಆಗ ಗಟ್ಟಿಯಾಗಿ ಬೇಡ ಅನ್ನಲಿಲ್ಲ. ಎರಡನೇ ಮಳೆಗಾಲಕ್ಕೆ ಶೆಡ್ಡಿನ ನಡುವಿನ ನೆಲ ಎದ್ದು ಬಂತು. ಲೇತ್‌ಗಳ ಲೆವೆಲ್ ತಪ್ಪಿತು, ಮಾಲಿನ ಅಳತೆ ತಪ್ಪಿತು, ಕಳಿಸಿದ ಮಾಲು ವಾಪಸ್ ಬಂತು. ನೆಲ ಕಿತ್ತು ಮತ್ತೆ ಹಾಕುವವರೆಗೆ ಕೆಲಸಗಾರರಿಗೆ ಕೆಲಸ ಇಲ್ಲ. ಆ ಮನೆಯವರ ಮುಖ ನನಗೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಅವತ್ತಿನಿಂದ ಮಣ್ಣಿನ ವರದಿ ಇಲ್ಲದೆ ನಾನು ಪೆನ್ಸಿಲ್ ಹಿಡಿಯುವುದಿಲ್ಲ.

ನೀರಿನ ಮಾತೂ ಇದಕ್ಕೆ ಅಂಟಿಕೊಂಡೇ ಇದೆ. ಎರೆ ಸೀಮೆಯ ಎಷ್ಟೋ ಕಡೆ ಬೋರ್‌ವೆಲ್ ನೀರು ಸವಳು. ಆ ನೀರಿನಲ್ಲಿ ಕಾಂಕ್ರೀಟ್ ಕಲಸಿದರೆ ಒಳಗಿನ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಕಬ್ಬಿಣ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಇರಬಾರದು ಅಂತ ನಿಯಮವಿದೆ. ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ, ದೊಡ್ಡ ಖರ್ಚಲ್ಲ. ಹಾಗೇ ಮಾಡಿನ ಮೇಲೆ ಬೀಳುವ ಮಳೆಯ ಲೆಕ್ಕವನ್ನೂ ಹಾಕಿ. ಹತ್ತು ಸಾವಿರ ಚದರಡಿ ಮಾಡಿನ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಆರೂವರೆ ಲಕ್ಷ ಲೀಟರ್ ನೀರು. ಅದನ್ನು ತೊಟ್ಟಿಗೆ ಹಿಡಿದರೆ ನಿಮ್ಮ ಆಸ್ತಿ. ಗೋಡೆಯ ಬುಡಕ್ಕೆ ಬಿಟ್ಟರೆ ಅದೇ ಎರೆ ಮಣ್ಣಿಗೆ ನೀವೇ ನೀರುಣಿಸಿದ ಹಾಗೆ.

ಜಾಗದ ಕಾಗದ ಪತ್ರ ನೋಡುವಾಗ ಪಹಣಿಯ ಜೊತೆ ಗ್ರಾಮ ನಕಾಶೆಯನ್ನೂ ಬಿಡಿಸಿ ನೋಡಿ. ಪಹಣಿಯಲ್ಲಿ "ಬಿ ಖರಾಬು" ಅಂತ ಇದ್ದರೆ ಅದು ಹಳ್ಳವೋ ಬಂಡಿ ದಾರಿಯೋ ಇರಬಹುದು, ಸಾರ್ವಜನಿಕರದ್ದು. ಅದರ ಮೇಲೆ ಕಟ್ಟುವ ಹಾಗಿಲ್ಲ. ಬೇಸಿಗೆಯಲ್ಲಿ ನೋಡಿದಾಗ ಹಳ್ಳ ಕಾಣುವುದೇ ಇಲ್ಲ, ಉತ್ತು ಸಮ ಮಾಡಿರುತ್ತಾರೆ. ಮಳೆ ಬಂದಾಗ ನೀರು ಮಾತ್ರ ತನ್ನ ಹಳೇ ದಾರಿ ಹುಡುಕಿಕೊಂಡು ಬರುತ್ತದೆ. ಅಕ್ಕಪಕ್ಕದ ಹೊಲದ ಹಿರಿಯರನ್ನು ಕೇಳಿ, ಅವರು ಬೆರಳು ಮಾಡಿ ತೋರಿಸುತ್ತಾರೆ.

ಹೊಲವನ್ನು ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಬದಲು ಮಾಡಿಸಬೇಕೋ ಅಂತ ಮೊದಲೇ ಕೇಳಿಕೊಳ್ಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕಾದ ಉದ್ಯಮವಾದರೆ ಅದನ್ನು ಕಟ್ಟಡ ಶುರು ಮಾಡುವ ಮುಂಚೆಯೇ ಪಡೆಯಬೇಕು. ಕಟ್ಟಿದ ಮೇಲೆ ಕೇಳಲು ಹೋದರೆ ತೊಂದರೆ. ಕಾರ್ಖಾನೆಗಳ ಇಲಾಖೆಯಿಂದ ನಕ್ಷೆಗೆ ಒಪ್ಪಿಗೆ, ಅಗ್ನಿಶಾಮಕದವರ ಮಾತು, ಇವೆಲ್ಲ ಇವೆ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೂತು ಕೇಳಿ. ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ, ಅಂದರೆ ಕೆಐಎಡಿಬಿ ಬಡಾವಣೆಯಲ್ಲಿ ಜಾಗ ಸಿಕ್ಕರೆ ಎನ್‌ಎ ಗೊಡವೆ ಇರುವುದಿಲ್ಲ, ರಸ್ತೆಯೂ ಇರುತ್ತದೆ. ಸ್ವಂತ ಹೊಲ ಪುಕ್ಕಟೆ ಅನ್ನಿಸುತ್ತದೆ, ಆದರೆ ರಸ್ತೆ, ಕರೆಂಟು, ನೀರು ಅಲ್ಲಿಗೆ ತರುವ ಖರ್ಚು ಕೂಡಿಸಿ ನೋಡಿದ ಮೇಲೆ ತೀರ್ಮಾನ ಮಾಡಿ.

ಕರೆಂಟಿನ ಬಗ್ಗೆ ಒಂದೇ ಮಾತು. ಯಂತ್ರಗಳ ಪಟ್ಟಿ ಇದ್ದರೆ ಮಾತ್ರ ಎಷ್ಟು ಲೋಡ್ ಬೇಕು ಅಂತ ಗೊತ್ತಾಗುತ್ತದೆ. ಆ ಲೆಕ್ಕ ಹಿಡಿದು ಮೊದಲೇ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂಗೆ ಹೋಗಿ ಕೇಳಿ. ಟ್ರಾನ್ಸ್‌ಫಾರ್ಮರ್‌ಗೆ ಜಾಗ ಬಿಡಬೇಕೋ, ಲೈನ್ ಎಲ್ಲಿಂದ ಎಳೆಯಬೇಕೋ ಆಗ ತಿಳಿಯುತ್ತದೆ.

ದೊಡ್ಡವರು ಹೇಗೆ ಯೋಚಿಸಿದರು ಅಂತ ನೋಡಲು ನಮಗೆ ಭದ್ರಾವತಿ ಇದೆ. ಆಗ ಅದು ಬೆಂಕಿಪುರ. ಮೈಸೂರು ಸರ್ಕಾರ ಅಲ್ಲಿ ಕಬ್ಬಿಣದ ಕಾರ್ಖಾನೆ ಹಾಕಿದ್ದು ಲೆಕ್ಕ ಹಾಕಿಯೇ. ಅದಿರು ಕೆಮ್ಮಣ್ಣುಗುಂಡಿಯಲ್ಲಿ. ನೀರಿಗೆ ಭದ್ರಾ ಹೊಳೆ. ಬೀರೂರು–ಶಿವಮೊಗ್ಗ ರೈಲು ದಾರಿ ಆಗಲೇ ಇತ್ತು. ಕಲ್ಲಿದ್ದಲು ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಕುಲುಮೆ ಉರಿಸುವ ಯೋಜನೆ ಮಾಡಿದರು. 1923ರಲ್ಲಿ ಕುಲುಮೆ ಹೊತ್ತಿತು. ಆದರೆ ಮೊದಲ ಮಹಾಯುದ್ಧ ಮುಗಿದ ಮೇಲೆ ಬೀಡುಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ವಿಶ್ವೇಶ್ವರಯ್ಯನವರೇ ಬಂದು ಆಡಳಿತದ ಹೊಣೆ ಹೊತ್ತು ಅದನ್ನು ದಡಕ್ಕೆ ತರಬೇಕಾಯಿತು. ಅದಿರು, ನೀರು, ರೈಲು ಎಲ್ಲ ನೋಡಿದ್ದರೂ ಪೇಟೆ ಧಾರಣೆ ಅವರ ಕೈಯಲ್ಲಿರಲಿಲ್ಲ. ಅದಕ್ಕೇ ನಾನು ಹುಡುಗರಿಗೆ ಹೇಳುತ್ತೇನೆ, ಮೊದಲನೇ ದಿನವೇ ಇಡೀ ಎಕರೆ ತುಂಬ ಶೆಡ್ ಹಾಕಬೇಡಿ. ಒಂದು ಭಾಗ ಕಟ್ಟಿ, ಇನ್ನೊಂದು ಬದಿಯ ಗೋಡೆ ಮುಂದೆ ತೆಗೆಯಲು ಬರುವ ಹಾಗೆ ಬಿಡಿ. ಆರ್ಡರ್ ಬಂದಂತೆ ಶೆಡ್ ಆ ಕಡೆಗೆ ಬೆಳೆಯಲಿ.

ಆ ಹುಡುಗನ ವಿಷಯ. ಅಮಾವಾಸ್ಯೆ ಆದ ಮೇಲಿನ ಮುಹೂರ್ತ ಬಿಟ್ಟ. ಅವರ ತಂದೆಗೆ ಮೊದಲು ಬೇಜಾರಾಯಿತು. ಆಮೇಲೆ ಅವರೇ ಅಂದರು, "ಮಿರುಗ ಮಳಿ ಬಂದ್ರ ಎರಿಯಾಗ ಲಾರಿ ಹೂತ್ಕೊಂತಾವ, ಪಾಯ ತೋಡಾಕ ಆಗಂಗಿಲ್ಲ. ಮಳಿಗಾಲ ಕಳೀಲಿ ಬಿಡ್ರಿ." ಅವರು ಹೇಳಿದ್ದು ಸರಿ. ಪಾಯದ ಕೆಲಸ ಅಂದರೆ ಒಂದೋ ರೋಹಿಣಿ ಮಳೆಯ ಮುಂಚೆ ನೆಲಮಟ್ಟ ದಾಟಬೇಕು, ಇಲ್ಲವೇ ಮಳೆಗಾಲ ಮುಗಿಯುವವರೆಗೆ ಕಾಯಬೇಕು.

ಆ ನಾಲ್ಕು ತಿಂಗಳು ಸುಮ್ಮನೆ ಹೋಗಲಿಲ್ಲ. ಅವನು ಯಂತ್ರಗಳ ಪಟ್ಟಿ ಮಾಡಿದ. ರಟ್ಟು ಕತ್ತರಿಸಿ ಒಂದೊಂದು ಯಂತ್ರಕ್ಕೂ ಒಂದೊಂದು ತುಂಡು ಮಾಡಿ, ನನ್ನ ಟೇಬಲ್ ಮೇಲೆ ಹರಡಿದ ನಕ್ಷೆಯ ಮೇಲೆ ಅತ್ತ ಇತ್ತ ಸರಿಸುತ್ತಾ ಕೂತ. ಒಂದು ಸಂಜೆ ಲೇತ್‌ನ ತುಂಡನ್ನು ಎತ್ತಿ ಕಿಟಕಿ ಬದಿಗೆ ಇಟ್ಟ. "ಇದರ ಮುಂದ ನಿಂತಾಂವಗ ಬೆಳಕ ಬೇಕ್ರಿ ಸರ್" ಅಂದ. ಹತ್ತು ವರ್ಷ ಅಲ್ಲೇ ನಿಂತವನಿಗೆ ಅದು ಗೊತ್ತಿತ್ತು. ನಾನು ಆ ಗೋಡೆಯ ಕಿಟಕಿಗಳನ್ನು ದೊಡ್ಡದು ಮಾಡಿದೆ.

ದೀಪಾವಳಿ ಪಾಡ್ಯದ ಮರುವಾರ ಗುದ್ದಲಿ ಪೂಜೆ ಆಯಿತು. ನಾನೂ ಹೋಗಿದ್ದೆ. ಈಗ ಅಲ್ಲಿ ಪೈಲ್ ಕೆಲಸ ಮುಗಿದಿದೆ, ಗರಸು ತುಂಬುತ್ತಿದ್ದಾರೆ.

ನಮಸ್ಕಾರ.