ನೆಲ ಡೊಂಕೋ, ಕುಣಿತ ಡೊಂಕೋ

ಎಲ್ಲರಿಗೂ ನಮಸ್ಕಾರ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಶೂಟಿಂಗ್ ರೇಂಜಿನಲ್ಲಿ ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಗುಂಡು ಗುರಿ ತಪ್ಪಿದರೆ ಮೊದಲು ಬೈಸಿಕೊಳ್ಳುವುದು ಗಾಳಿ. ಆಮೇಲೆ ತೋಟಾ. ಕೊನೆಗೆ ರೈಫಲ್ ಮೇಲೆ ಕೂತಿರುವ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು. ಹೊಡೆದವನ ಸರದಿ ಬರುವುದೇ ಇಲ್ಲ!

ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಅಗ್ಗದ ಸ್ಕೋಪ್ ಕೊಂಡವರ ಕಷ್ಟವೇ ಅದು. ತಪ್ಪು ನಮ್ಮದೋ ಸ್ಕೋಪಿನದೋ ಗೊತ್ತಾಗುವುದಿಲ್ಲ. ನಾನು ಒಂದು ಇಡೀ ವರ್ಷ ಹಾಗೆ ಕಳೆದಿದ್ದೇನೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಆಟದ ಬಗ್ಗೆ ಎರಡು ಮಾತು. ನಮ್ಮದು ರಿಮ್‌ಫೈರ್ ರೈಫಲಿನ ಆಟ. ರಿಮ್‌ಫೈರ್ ಅಂದರೆ ತೋಟಾದ ಬುಡದ ಅಂಚಿನೊಳಗೆ ಕಿಡಿ ಹತ್ತಿಸುವ ಮದ್ದು ಇರುವಂಥದ್ದು. ಪಿನ್ನು ಅಂಚಿಗೆ ಬಡಿಯುತ್ತದೆ, ಅಂಚು ನಜ್ಜಾಗುತ್ತದೆ, ಮದ್ದು ಹತ್ತಿಕೊಳ್ಳುತ್ತದೆ. ನಾವು ಬಾಯಲ್ಲಿ ‘ಪಾಯಿಂಟ್ ಟೂ ಟೂ’ ಅನ್ನುವ .22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ಇವತ್ತಿಗೂ ಅದೇ ನಡೆಯುತ್ತಿದೆ. ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೇ ಇಲ್ಲ ಅನ್ನಬಹುದು, ಖರ್ಚೂ ಕಡಿಮೆ. ಒಂದೇ ಕೊರತೆ, ಖಾಲಿ ತೋಟಾವನ್ನು ಮತ್ತೆ ತುಂಬಿಕೊಳ್ಳಲು ಬರುವುದಿಲ್ಲ. ಕಾರ್ಖಾನೆ ಕೊಟ್ಟದ್ದೇ ಪ್ರಸಾದ.

ಒಲಿಂಪಿಕ್ಸಿನ 50 ಮೀಟರ್ ರೈಫಲ್ ಪಂದ್ಯದಲ್ಲೂ ಇದೇ ತೋಟಾ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಸ್ಕೋಪಿಗೆ ಅನುಮತಿ ಇಲ್ಲ, ಸಣ್ಣ ತೂತಿನ ಮೂಲಕ ನೋಡಿ ಹೊಡೆಯಬೇಕು. ಆ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಂಥವರು ಆಡುವ ಪಂದ್ಯಗಳಿಗೆ ಅಷ್ಟು ಶಿಸ್ತು ಇರುವುದಿಲ್ಲ. ಒಂದು ಹಾಳೆಯ ಮೇಲೆ ಇಪ್ಪತ್ತೈದು ಚುಕ್ಕಿ, ಚುಕ್ಕಿಗೊಂದು ಗುಂಡು. ಇನ್ನೊಂದು ವಾರ ಚುಕ್ಕಿಯ ಬದಲು ನೊಣದ ಚಿತ್ರ. ಕೆಲವರು ಇಸ್ಪೀಟ್ ಎಲೆಯನ್ನು ಅಂಚು ಕಾಣುವಂತೆ ನಿಲ್ಲಿಸಿ ಅದನ್ನು ಎರಡು ಸೀಳು ಮಾಡುವ ಪಣ ಕಟ್ಟುತ್ತಾರೆ. ಕೇಳಲು ಅಸಾಧ್ಯ ಅನಿಸುತ್ತದೆ. ಆದರೆ ಗುಂಡಿನ ಅಗಲವೇ 5.7 ಮಿಲಿಮೀಟರ್ ಹತ್ತಿರ ಇದೆ, ಎಲೆಗೆ ಅದು ತಾಗಿದರೆ ಸಾಕು. ಒಬ್ಬೊಬ್ಬರು ತಮ್ಮ ತಮ್ಮ ರೇಂಜಿನಲ್ಲಿ ಹೊಡೆದು ಹಾಳೆಯನ್ನು ಅಂಚೆಯಲ್ಲಿ ಕಳಿಸುವ ಪಂದ್ಯಗಳೂ ಉಂಟು.

ನನಗೆ ಇಷ್ಟವಾದದ್ದು ಸಿಲೂಯೆಟ್. ಮೆಕ್ಸಿಕೋದಲ್ಲಿ ಹುಟ್ಟಿದ ಆಟ. ಕಬ್ಬಿಣದಲ್ಲಿ ಕತ್ತರಿಸಿದ ಕೋಳಿ, ಹಂದಿ, ಟರ್ಕಿ ಕೋಳಿ, ಟಗರು ಸಾಲಾಗಿ ನಿಂತಿರುತ್ತವೆ. ದೊಡ್ಡ ರೈಫಲಿನವರು ಇವುಗಳನ್ನು 200, 300, 385 ಮತ್ತು 500 ಮೀಟರಿನಲ್ಲಿ ಹೊಡೆಯುತ್ತಾರೆ. .22ಕ್ಕೆ ಗುರಿಯೂ ಐದನೇ ಒಂದು, ದೂರವೂ ಐದನೇ ಒಂದು. ಅಂದರೆ 40, 60, 77 ಮತ್ತು 100 ಮೀಟರ್. ನಿಂತುಕೊಂಡೇ ಹೊಡೆಯಬೇಕು, ಎಲ್ಲೂ ಒರಗುವಂತಿಲ್ಲ. ಬರೀ ತಾಗಿದರೆ ಸಾಲದು, ಬೀಳಬೇಕು. ಟಗರು ಬಿದ್ದಾಗ ಒಂದು ಸದ್ದು ಬರುತ್ತದೆ ನೋಡಿ, ಅದಕ್ಕೇ ಜನ ಮತ್ತೆ ಮತ್ತೆ ಬರುತ್ತಾರೆ.

ಒಂದು ಮಾತು ತಮಾಷೆಯಿಲ್ಲದೆ. ಒದೆತ ಇಲ್ಲ ಅಂತ ಇದು ಆಟಿಕೆ ಅಲ್ಲ. ಈ ಗುಂಡು ಒಂದು ಕಿಲೋಮೀಟರ್ ದಾಟಿ ಹೋಗಬಲ್ಲದು. ಗಟ್ಟಿ ನೆಲಕ್ಕೆ, ನೀರಿಗೆ ತಾಗಿ ಚಿಮ್ಮುತ್ತದೆ. ಆದ್ದರಿಂದ ಪರವಾನಗಿ, ಒಪ್ಪಿಗೆ ಇರುವ ರೇಂಜು, ಹಿಂದೆ ಮಣ್ಣಿನ ದಿಬ್ಬ, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಇವಿಲ್ಲದೆ ಆಟವೇ ಇಲ್ಲ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ರೈಫಲಿನ ಬಾಯಿಯನ್ನು ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷವಾದರೂ ಕಾಯಬೇಕು. ಮದ್ದು ತಡವಾಗಿ ಹತ್ತಬಹುದು. ಹಾಗೆಯೇ, ಯಾರು ಬರುತ್ತಿದ್ದಾರೆ ಅಂತ ರೈಫಲ್ ಸ್ಕೋಪಿನಲ್ಲಿ ನೋಡುವವನನ್ನು ಆ ಕ್ಷಣವೇ ರೇಂಜಿನಿಂದ ಹೊರಗೆ ಕಳಿಸಬೇಕು. ಅದಕ್ಕೆ ಬೈನಾಕ್ಯುಲರ್ ಇದೆ.

ಈಗ ಸ್ಕೋಪ್. ಹೊಸಬರು ಕೇಳುವ ಮೊದಲ ಪ್ರಶ್ನೆ, ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ? ಅಂಗಡಿಯವರಿಗೂ ಇದು ಬಲು ಇಷ್ಟದ ಪ್ರಶ್ನೆ. 4ಕ್ಕಿಂತ 9 ಜಾಸ್ತಿ, 9ಕ್ಕಿಂತ 24 ಜಾಸ್ತಿ, ಮಾರುವುದು ಸುಲಭ. ಆದರೆ ಪಟ್ಟು ಏರಿದಂತೆ ಗುರಿಯ ಜೊತೆ ನಮ್ಮ ನಡುಕವೂ ದೊಡ್ಡದಾಗಿ ಕಾಣುತ್ತದೆ. ಬೆಳಕೂ ಕುಗ್ಗುತ್ತದೆ. ಮುಂದಿನ ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿ ನೋಡಿ. 40 ಮಿಲಿಮೀಟರ್ ಲೆನ್ಸು, 10 ಪಟ್ಟು ಅಂದರೆ ಕಣ್ಣಿಗೆ ಬರುವ ಬೆಳಕಿನ ಕಂಬ 4 ಮಿಲಿಮೀಟರ್ ಅಗಲ. ಅದೇ ಲೆನ್ಸಿನಲ್ಲಿ 24 ಪಟ್ಟಿಗೆ ಹೋದರೆ 1.7 ಮಿಲಿಮೀಟರಿಗಿಂತ ಕಡಿಮೆ. ತಲೆ ಒಂದು ಕೂದಲೆಳೆ ಸರಿದರೂ ಚಿತ್ರ ಕಪ್ಪಾಗುತ್ತದೆ. ಅಗ್ಗದ ಲೆನ್ಸಿನಲ್ಲಂತೂ ಮಂಜು ಕವಿದ ಹಾಗೆ.

ಅಮೆರಿಕದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಅನ್ನುವ ಸಂಸ್ಥೆ ನಡೆಸುವ ರಿಮ್‌ಫೈರ್ ಸ್ಪೋರ್ಟರ್ ಪಂದ್ಯದಲ್ಲಿ ಸ್ಕೋಪಿನವರಿಗೆ ಒಂದು ಮಿತಿ ಇದೆ. 25 ಮತ್ತು 50 ಗಜದ ಆಟ, 6 ಪಟ್ಟು ಮೀರುವಂತಿಲ್ಲ. ಆ 6 ಪಟ್ಟಿನಲ್ಲೇ ಜನ ಚೆನ್ನಾಗಿ ಹೊಡೆಯುತ್ತಾರೆ. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಸಣ್ಣ ಚುಕ್ಕಿಗೆ ಹೊಡೆಯುವ ಆಟವಾದರೆ ಜಾಸ್ತಿ ಪಟ್ಟು ಉಪಯೋಗಕ್ಕೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ನಿಂತು ಹೊಡೆಯುವವನಿಗೆ ಮಾತ್ರ ಅದು ತಲೆನೋವು.

ಹಾಗಾದರೆ ಮೊದಲ ಪ್ರಶ್ನೆ ಯಾವುದಿರಬೇಕು? ಪ್ಯಾರಲಾಕ್ಸ್. ಅಂದರೆ ಕಣ್ಣು ಸರಿದರೆ ಗುರಿಯೂ ಸರಿದಂತೆ ಕಾಣುವ ದೋಷ. ನನ್ನ ಕಥೆ ಇಲ್ಲಿದೆ.

ನಾನು ಮೊದಲು ಕೊಂಡದ್ದು 3ರಿಂದ 9 ಪಟ್ಟಿನ, 40 ಮಿಲಿಮೀಟರ್ ಲೆನ್ಸಿನ ಒಂದು ಸ್ಕೋಪ್. ನೋಡಲು ಗಂಭೀರವಾಗಿತ್ತು. ಬೆಂಚಿನ ಮೇಲೆ ಕೂತು 50 ಮೀಟರಿನಲ್ಲಿ ಐದು ಗುಂಡು ಹೊಡೆದರೆ ಮೂರು ಒಂದೇ ಕಡೆ, ಎರಡು ಎಲ್ಲೋ ಪಕ್ಕಕ್ಕೆ. ತೋಟಾ ಬದಲಿಸಿದೆ. ಟ್ರಿಗರ್ ಸರಿ ಮಾಡಿಸಿದೆ. ಉಸಿರು ಹಿಡಿಯುವುದನ್ನು ಹೊಸದಾಗಿ ಕಲಿತೆ. ಒಂದು ದಿನ ರೈಫಲನ್ನು ಮರಳಿನ ಚೀಲದ ಮೇಲೆ ಬಿಟ್ಟು, ಕೈ ತಾಗಿಸದೆ, ಸುಮ್ನೆ ಕಣ್ಣನ್ನು ಆಚೀಚೆ ಆಡಿಸುತ್ತಾ ನೋಡಿದೆ. ರೈಫಲ್ ಅಲುಗಾಡಿಲ್ಲ. ಆದರೆ ಸ್ಕೋಪಿನೊಳಗೆ ಕಾಣುವ ಗುರಿಯ ಅಡ್ಡಗೆರೆ ಚುಕ್ಕಿಯನ್ನು ಬಿಟ್ಟು ಆ ಕಡೆ ಈ ಕಡೆ ತೇಲುತ್ತಿದೆ!

ಆಗಿದ್ದು ಇಷ್ಟೇ. ಆ ಸ್ಕೋಪ್ ದೊಡ್ಡ ರೈಫಲಿಗೆ ಮಾಡಿದ್ದು. ಗುರಿಯ ಚಿತ್ರ ಮತ್ತು ಅಡ್ಡಗೆರೆ ಒಂದೇ ಮಟ್ಟದಲ್ಲಿ ಕೂಡುವ ಹಾಗೆ ಅದನ್ನು 100 ಮೀಟರ್ ಆಸುಪಾಸಿಗೆ ಹೊಂದಿಸಿರುತ್ತಾರೆ. 50 ಮೀಟರಿನಲ್ಲಿ ಅವೆರಡೂ ಬೇರೆ ಬೇರೆ ಮಟ್ಟದಲ್ಲಿರುತ್ತವೆ. ಕಣ್ಣು ಸರಿದರೆ ಗುರಿಯೂ ಸರಿದಂತೆ ಕಾಣುತ್ತದೆ. ಎಷ್ಟು ಸರಿಯಬಹುದು ಅನ್ನಲು ಸುಲಭದ ಲೆಕ್ಕ ಇದೆ. ಲೆನ್ಸಿನ ಅರ್ಧ ಅಗಲ 20 ಮಿಲಿಮೀಟರ್. ಹೊಂದಿಸಿದ ದೂರಕ್ಕೂ ಹೊಡೆಯುವ ದೂರಕ್ಕೂ ಇರುವ ವ್ಯತ್ಯಾಸ 50 ಮೀಟರ್. ಅದನ್ನು ಹೊಂದಿಸಿದ ದೂರವಾದ 100ರಿಂದ ಭಾಗಿಸಿ 20ಕ್ಕೆ ಗುಣಿಸಿ. 10 ಮಿಲಿಮೀಟರ್. ಕಣ್ಣು ತೀರಾ ಅಂಚಿನಲ್ಲಿದ್ದಾಗ ಆಗುವ ಅತಿ ಹೆಚ್ಚಿನ ತಪ್ಪು ಇದು. ಒಲಿಂಪಿಕ್ಸಿನ ಹತ್ತರ ವೃತ್ತದ ಅಗಲ ಹೇಳಿದ್ದೆ, ಅಲ್ವಾ? ಹೆಚ್ಚುಕಡಿಮೆ ಇಡೀ ವೃತ್ತವೇ ಜಾರಿಹೋಯಿತು. 25 ಮೀಟರಿನಲ್ಲಿ ಹೊಡೆದರೆ ಅದೇ ಲೆಕ್ಕದಲ್ಲಿ 15 ಮಿಲಿಮೀಟರ್, ಹತ್ತಿರ ಬಂದಷ್ಟೂ ಕೆಟ್ಟದ್ದು.

ರಿಮ್‌ಫೈರಿಗೆಂದೇ ಮಾಡಿದ ಸ್ಕೋಪುಗಳನ್ನು 50 ಅಥವಾ 60 ಗಜಕ್ಕೆ ಹೊಂದಿಸಿರುತ್ತಾರೆ. ಇನ್ನು ಕೆಲವದರಲ್ಲಿ ಮುಂದಿನ ಲೆನ್ಸಿನ ಸುತ್ತ, ಇಲ್ಲವೇ ಪಕ್ಕದಲ್ಲಿ, ದೂರ ಹೊಂದಿಸುವ ತಿರುಗಣೆ ಇರುತ್ತದೆ. ಸಿಲೂಯೆಟ್ ಥರ ನಾಲ್ಕು ದೂರದ ಆಟಕ್ಕೆ ಅದು ಬೇಕೇ ಬೇಕು. ನನ್ನ ಕೇಳಿದರೆ, ದುಡ್ಡು ಕಡಿಮೆ ಇದ್ದಾಗ ಪಟ್ಟಿನಲ್ಲಿ ಉಳಿಸಿ ಈ ತಿರುಗಣೆಗೆ ಹಾಕಿ. ಆ ತಿರುಗಣೆಯ ಮೇಲೆ ಬರೆದಿರುವ ಅಂಕಿಯನ್ನು ಮಾತ್ರ ಪೂರ್ತಿ ನಂಬಬೇಡಿ. ತಲೆ ಆಡಿಸಿ ನೋಡಿ, ಗೆರೆ ತೇಲದ ಜಾಗದಲ್ಲಿ ಒಂದು ಗುರುತು ಹಾಕಿಕೊಳ್ಳಿ.

ಎರಡನೆಯ ಪ್ರಶ್ನೆ, ಇಟ್ಟ ಜಾಗದಲ್ಲಿ ಇರುತ್ತದೆಯೇ? ಸ್ಕೋಪಿನ ಒಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ಗುಂಡು ಬೀಳುವ ಜಾಗ ಸರಿಮಾಡಲು ಮೇಲೆ ಇನ್ನೊಂದು ತಿರುಗಣೆ ಇರುತ್ತದೆ. ಅದನ್ನು ತಿರುಗಿಸಿದಾಗ ಒಂದು ಸ್ಕ್ರೂ ಆ ಕೊಳವೆಯನ್ನು ತಳ್ಳುತ್ತದೆ, ಎದುರಿನಿಂದ ಒಂದು ಸ್ಪ್ರಿಂಗು ಅದನ್ನು ಒತ್ತಿ ಹಿಡಿದಿರುತ್ತದೆ. ಅಗ್ಗದ ಸ್ಕೋಪಿನಲ್ಲಿ ಕೈಕೊಡುವುದು ಸಾಮಾನ್ಯವಾಗಿ ಈ ಸ್ಪ್ರಿಂಗೇ. ನಾಲ್ಕು ಕ್ಲಿಕ್, ಅಂದರೆ ತಿರುಗಣೆಯ ನಾಲ್ಕು ಹೆಜ್ಜೆ, ತಿರುಗಿಸುತ್ತೀರಿ, ಏನೂ ಆಗುವುದಿಲ್ಲ. ಇನ್ನೆರಡು ತಿರುಗಿಸುತ್ತೀರಿ. ಒಂದು ಗುಂಡು ಹಾರಿದ ಮೇಲೆ ಆ ಅದುರಿಗೆ ಆರೂ ಕ್ಲಿಕ್ ಒಟ್ಟಿಗೆ ಬಂದು ಕೂರುತ್ತವೆ. ಹಳಬರು ತಿರುಗಿಸಿದ ಮೇಲೆ ಖಾಲಿ ತೋಟಾದಿಂದ ತಿರುಗಣೆಯ ತಲೆಗೆ ಟಕ್ ಟಕ್ ಅಂತ ಬಡಿಯುವುದನ್ನು ನೋಡಿರಬಹುದು. ಮಂತ್ರ ಏನಲ್ಲ, ಸ್ಪ್ರಿಂಗನ್ನು ಎಬ್ಬಿಸುವ ಕೆಲಸ.

.22ರಲ್ಲಿ ಈ ತಿರುಗಣೆಗೆ ಕೆಲಸ ಜಾಸ್ತಿ. ಗುಂಡು ನಿಧಾನದ್ದು. ಸಾಮಾನ್ಯ ವೇಗದ ತೋಟಾ ಸೆಕೆಂಡಿಗೆ ಸುಮಾರು 325 ಮೀಟರ್, ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. 50 ಮೀಟರಿಗೆ ಸರಿಮಾಡಿದ ರೈಫಲಿನಿಂದ 100 ಮೀಟರಿಗೆ ಹೊಡೆದರೆ ಗುಂಡು ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. 20 ಸೆಂಟಿಮೀಟರ್ ಅಂದುಕೊಳ್ಳಿ. ಇಲ್ಲಿ ಮಿನಿಟ್ಟು ಅಂದರೆ ಸಮಯವಲ್ಲ, ಕೋನದ ಅಳತೆ, ಒಂದು ಡಿಗ್ರಿಯಲ್ಲಿ ಅರವತ್ತನೇ ಒಂದು. ಕಾಲು ಮಿನಿಟ್ಟಿನ ಒಂದು ಕ್ಲಿಕ್ 100 ಮೀಟರಿನಲ್ಲಿ 7.3 ಮಿಲಿಮೀಟರ್ ಸರಿಸುತ್ತದೆ. ಅಂದರೆ ಸುಮಾರು 28 ಕ್ಲಿಕ್ ಮೇಲೆ. ಕೋಳಿಯಿಂದ ಟಗರಿಗೆ, ಮತ್ತೆ ಟಗರಿನಿಂದ ಕೋಳಿಗೆ, ಒಂದೇ ಮಧ್ಯಾಹ್ನದಲ್ಲಿ ಎಷ್ಟು ಸಲ ಮೇಲೆ ಕೆಳಗೆ!

ಇದನ್ನು ಪರೀಕ್ಷಿಸಲು ಒಂದು ಚೌಕ ಹೊಡೆಯಿರಿ. ಗಾಳಿ ಇಲ್ಲದ ಬೆಳಗ್ಗೆ, 50 ಮೀಟರ್, ದೊಡ್ಡ ಹಾಳೆಯ ನಡುವೆ ಒಂದು ಚುಕ್ಕಿ. ಗುರಿ ಇಡುವುದು ಯಾವಾಗಲೂ ಆ ಚುಕ್ಕಿಗೇ. ಮೊದಲು ಐದು ಗುಂಡು. 20 ಕ್ಲಿಕ್ ಮೇಲೆ, ಐದು ಗುಂಡು. 20 ಬಲಕ್ಕೆ, ಐದು. 20 ಕೆಳಗೆ, ಐದು. 20 ಎಡಕ್ಕೆ ಬಂದು ಕೊನೆಯ ಐದು. ಕಾಲು ಮಿನಿಟ್ಟಿನ ಕ್ಲಿಕ್ ಆದರೆ ಚೌಕದ ಪ್ರತಿ ಬದಿ 73 ಮಿಲಿಮೀಟರ್ ಹತ್ತಿರ ಬರಬೇಕು. ಬದಿ ಸ್ವಲ್ಪ ಉದ್ದ ಗಿಡ್ಡ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಲೆಕ್ಕ ಬರೆದಿಟ್ಟುಕೊಂಡರೆ ಆಯಿತು. ಕೊನೆಯ ಐದು ಮೊದಲಿನ ಐದರ ಮೇಲೆ ಬಂದು ಕೂರದಿದ್ದರೆ ಮಾತ್ರ ಆ ಸ್ಕೋಪ್ ಬೇಡ. ವಾಪಸ್ ಕೊಡಿ.

ಅಗ್ಗದ ಝೂಮಿಗೆ ಇನ್ನೊಂದು ರೋಗ. ಪಟ್ಟು ಬದಲಿಸಿದರೆ ಗುಂಡು ಬೀಳುವ ಜಾಗವೂ ಬದಲಾಗುವುದುಂಟು. ಒಳಗೆ ಅಲುಗಾಡುವ ಭಾಗ ಹೆಚ್ಚಿದಷ್ಟೂ ಸಡಿಲ ಆಗುವ ಜಾಗವೂ ಹೆಚ್ಚು. ಅದಕ್ಕೇ ಒಂದೇ ಬೆಲೆಗೆ ಝೂಮ್ ಮತ್ತು ಝೂಮಿಲ್ಲದ್ದು ಎರಡೂ ಸಿಕ್ಕರೆ ನಾನು ಝೂಮಿಲ್ಲದ್ದನ್ನೇ ಎತ್ತಿಕೊಳ್ಳುತ್ತೇನೆ. ಸಾಮಾನ್ಯರ ಕೈಗೆ ಎಟುಕುವ ಸ್ಕೋಪನ್ನು ಅಮೆರಿಕದಲ್ಲಿ ಬಿಲ್ ವೀವರ್ 1930ರಲ್ಲಿ ತಂದಾಗ ಅದು ಬರೀ 3 ಪಟ್ಟಿನದು.

ತಪ್ಪು ಸ್ಕೋಪಿನದ್ದೇ ಅಂತ ತೀರ್ಮಾನಿಸುವ ಮೊದಲು ಅದು ಕೂತಿರುವ ಉಂಗುರ ನೋಡಿ. ನನ್ನ ಅನುಭವದಲ್ಲಿ ‘ಸ್ಕೋಪ್ ಕೆಟ್ಟಿದೆ’ ಅಂತ ಬಂದವರಲ್ಲಿ ಅರ್ಧ ಜನರಿಗೆ ಬೇಕಾಗಿದ್ದು ಸ್ಕ್ರೂಡ್ರೈವರ್. ಬಹಳ .22 ರೈಫಲುಗಳ ಮೇಲೆ ಉಂಗುರ ಕಚ್ಚಿಕೊಳ್ಳಲು 11 ಮಿಲಿಮೀಟರಿನ ಕಿರಿದಾದ ಹಳಿ ಇರುತ್ತದೆ. ವೀವರ್, ಪಿಕಟಿನಿ ಅನ್ನುವ ಬೇರೆ ಬಗೆಯ ಹಳಿಗೆ ಮಾಡಿದ ಉಂಗುರಗಳು ಅದಕ್ಕಿಂತ ಅಗಲ. ಒತ್ತಾಯ ಮಾಡಿ ಕೂರಿಸಿದರೆ ಕೂತಂತೆ ಕಾಣುತ್ತದೆ, ಕೂರುವುದಿಲ್ಲ. ಗೆರೆ ನೆಟ್ಟಗಿದೆಯೇ ಅಂತ ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ನೋಡಿ. ವಾಲಿದ ಸ್ಕೋಪಿನಲ್ಲಿ 28 ಕ್ಲಿಕ್ ಮೇಲೆ ಹೋದರೆ ಗುಂಡು ಮೇಲಕ್ಕೂ ಹೋಗುತ್ತದೆ, ಪಕ್ಕಕ್ಕೂ ಹೋಗುತ್ತದೆ.

ತೋಟಾ ಬದಲಿಸುವಾಗಲೂ ತಾಳ್ಮೆ ಬೇಕು. ಒಂದೊಂದು ಬ್ಯಾರಲಿಗೆ ಒಂದೊಂದು ತೋಟಾ ಹಿಡಿಸುತ್ತದೆ, ಯಾಕೆ ಅಂತ ಕೇಳಬೇಡಿ. ಗುಂಡಿನ ಮೇಲಿನ ಮೇಣ ಬೇರೆ ಬೇರೆ, ಆದ್ದರಿಂದ ಹೊಸ ತೋಟಾದ ಮೊದಲ ಕೆಲವು ಗುಂಡು ಲೆಕ್ಕಕ್ಕೆ ಬೇಡ. ವೇಗದ ತೋಟಾ ಕೊಂಡರೆ ಗಾಳಿಗೆ ಕಡಿಮೆ ಸರಿಯುತ್ತದೆ ಅಂದುಕೊಂಡಿದ್ದೆ. ಉಲ್ಟಾ! ಶಬ್ದದ ವೇಗವನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗೆ ಕಳೆದುಕೊಂಡ ಹೊತ್ತಿನಲ್ಲೇ ಗಾಳಿ ಅದನ್ನು ತಳ್ಳುವುದು. ನಿಧಾನದ ಗುಂಡೂ ಸರಿಯುತ್ತದೆ, ಆದರೆ ಕಡಿಮೆ. ಗಂಟೆಗೆ 16 ಕಿಲೋಮೀಟರ್ ಅಡ್ಡ ಗಾಳಿಗೆ ಅದು 50 ಮೀಟರಿನಲ್ಲಿ ಎರಡೂವರೆ ಸೆಂಟಿಮೀಟರ್, 100 ಮೀಟರಿನಲ್ಲಿ 10 ಸೆಂಟಿಮೀಟರ್ ಹತ್ತಿರ.

ಇಷ್ಟೆಲ್ಲ ಆದ ಮೇಲೂ ಸಂಶಯ ಉಳಿದರೆ ಗೆಳೆಯರ ಹತ್ತಿರ ಒಂದು ನಂಬಿಕಸ್ಥ ಸ್ಕೋಪ್ ಸಾಲ ತನ್ನಿ. ಅದೇ ರೈಫಲ್, ಅದೇ ಡಬ್ಬಿಯ ತೋಟಾ, ಅದೇ ಬೆಂಚು. ಬದಲಾಗುವುದು ಸ್ಕೋಪ್ ಒಂದೇ. ಐದೈದು ಗುಂಡಿನ ಐದು ಗುಂಪು ಹೊಡೆದು ಸರಾಸರಿ ನೋಡಿ. ಮೂರು ಗುಂಡಿನ ಒಂದು ಗುಂಪನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸುವ ಅಭ್ಯಾಸ ನನಗೂ ಇತ್ತು. ಅದು ಅದೃಷ್ಟದ ಫೋಟೋ, ಅಷ್ಟೇ. ಸರಾಸರಿ ಎರಡರಲ್ಲೂ ಒಂದೇ ಬಂದರೆ, ನೆಲ ಸರಿಯಾಗಿಯೇ ಇದೆ ಸ್ವಾಮಿ. ಅಭ್ಯಾಸಕ್ಕೆ ಇಳಿಯಿರಿ.

ಕಿಟಕಿಯ ಹತ್ತಿರದ ಮೇಜಿನ ಮೇಲೆ ಎರಡು ಸ್ಕೋಪ್ ಇಟ್ಟಿದ್ದೇನೆ. ರೈಫಲ್ ಇಲ್ಲ, ಬರೀ ಸ್ಕೋಪ್, ಮರಳಿನ ಚೀಲದ ಮೇಲೆ. ಎದುರಿನ ಗೋಡೆಗೆ ಒಂದು ಕಪ್ಪು ಚುಕ್ಕಿ ಅಂಟಿಸಿದೆ. ಒಂದು ನನ್ನ ಆ ಹಳೆಯ 3-9, ಇನ್ನೊಂದು ದೂರ ಹೊಂದಿಸುವ ತಿರುಗಣೆ ಇರುವುದು. ಯಾವುದು ಯಾವುದು ಅಂತ ಹೇಳುವುದಿಲ್ಲ, ಹೆಸರಿನ ಮೇಲೆ ಟೇಪು ಸುತ್ತಿದ್ದೇನೆ. ಒಬ್ಬೊಬ್ಬರಾಗಿ ಬನ್ನಿ. ಕೈ ಹಿಂದೆ ಕಟ್ಟಿಕೊಂಡು, ತಲೆ ಮಾತ್ರ ಆಡಿಸಿ ನೋಡಿ.